ಮನೆಯನ್ನು ಬೆಚ್ಚಗಿಡಲು ಯಾವಾಗ ಆರಂಭಿಸಬೇಕು? ನೀಲಗಿರಿಯ ನಮ್ಮ ಮೊದಲ ಚಳಿಗಾಲಕ್ಕೆ ಸಲಹೆ ಬೇಕು

ಶಿಕ್ಷಕಿ, ಕೇತಿ ಕಣಿವೆ
ನವೆಂಬರ್ 9

ಎಲ್ಲರಿಗೂ ನಮಸ್ಕಾರ. ನಾವು ಮೂಲತಃ ತಾಳವಾಡಿಯವರು. ನಮ್ಮ ಯಜಮಾನರಿಗೆ ವರ್ಗವಾದ ಕಾರಣ ಕಳೆದ ಮೇ ತಿಂಗಳಲ್ಲಿ ದಿಂಬಂ ಘಾಟಿಯ 27 ತಿರುವುಗಳನ್ನು ಇಳಿದು, ಮೇಟ್ಟುಪಾಳ್ಯದ ಕಡೆಯಿಂದ ಮತ್ತೆ ಬೆಟ್ಟ ಹತ್ತಿ, ಕೂನೂರಿಗೂ ಉದಕಮಂಡಲಕ್ಕೂ ನಡುವಿನ ಕೇತಿ ಕಣಿವೆಯಲ್ಲಿ ಹಳೆಯದೊಂದು ಕಲ್ಲುಮನೆಯನ್ನು ಬಾಡಿಗೆಗೆ ಹಿಡಿದಿದ್ದೇವೆ. ಗೋಡೆಗಳು ಒಂದೂವರೆ ಅಡಿ ದಪ್ಪ. ಮೇಲೆ ತಗಡಿನ ಛಾವಣಿ, ಅದರ ಕೆಳಗೆ ಹಲಗೆಯ ಅಟ್ಟ. ಹಜಾರದಲ್ಲಿ ಯಾರೂ ಬಳಸದ ಅಗ್ಗಿಷ್ಟಿಕೆಯೊಂದಿದೆ. ಮನೆಯಲ್ಲಿ 74 ವರ್ಷದ ಅತ್ತೆಯವರು ಇದ್ದಾರೆ, ಅವರಿಗೆ ರಕ್ತದೊತ್ತಡದ ಮಾತ್ರೆ ನಡೆಯುತ್ತಿದೆ. ಎಂಟು ತಿಂಗಳ ಮಗುವೂ ಇದೆ.

ಹೀಟರ್ ಕೊಂಡಾಗಿದೆ, ಆದರೆ ಅದನ್ನು ಯಾವ ದಿನದಿಂದ ಹಚ್ಚಬೇಕೆಂಬುದರಲ್ಲಿ ಮನೆಯಲ್ಲಿ ಒಮ್ಮತವಿಲ್ಲ. ಮನೆಯ ಮಾಲೀಕರು, ಡಿಸೆಂಬರ್ ಹುಟ್ಟುವವರೆಗೆ ಅದನ್ನು ಮುಟ್ಟಬೇಡಿ, ಈಗಲೇ ರೂಢಿಯಾದರೆ ಜನವರಿಯಲ್ಲಿ ಏನು ಮಾಡುತ್ತೀರಿ ಎನ್ನುತ್ತಾರೆ. ನಮ್ಮವರು ಮೊಬೈಲಿನಲ್ಲಿ ಊಟಿಯ ತಾಪಮಾನ ನೋಡಿ, ಅದು 10 ಡಿಗ್ರಿಗಿಂತ ಕೆಳಗಿಳಿದ ದಿನ ಹಚ್ಚೋಣ ಎಂದು ನಿಯಮ ಮಾಡಿದ್ದಾರೆ. ಅತ್ತೆಯವರಂತೂ ಕಂಬಳಿ ಇರುವಾಗ ಕರೆಂಟು ಸುಡುವುದೇಕೆ ಎಂದು ಕೇಳುತ್ತಾರೆ. ಇಷ್ಟರ ನಡುವೆ ನಿನ್ನೆ ಸಂಜೆ ಅವರ ಕೈ ಹಿಡಿದು ನೋಡಿದರೆ ಮಂಜುಗಡ್ಡೆಯಂತೆ ತಣ್ಣಗಿತ್ತು. ಅನುಭವವಿದ್ದವರು ತಿಳಿಸಬೇಕು.

ನಿವೃತ್ತ ಮೇಷ್ಟ್ರು, ಉದಕಮಂಡಲ
ನವೆಂಬರ್ 9

ತಂಗೀ, ಮೂವರ ಮಾತಿನಲ್ಲೂ ಒಂದಿಷ್ಟು ನ್ಯಾಯವಿದೆ, ಆದರೆ ಮೂವರೂ ನೋಡದೆ ಬಿಟ್ಟಿರುವುದು ನಿಮ್ಮ ಅತ್ತೆಯವರು ಮಲಗುವ ಕೋಣೆಯನ್ನು.

ಮೊದಲು ಪಂಚಾಂಗದ ವಿಷಯ. ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಹೋಗುತ್ತದೆ ಎಂಬ ಮಾತು ಬಯಲುಸೀಮೆಗೆ ಸರಿ. ಸುಮಾರು 2,240 ಮೀಟರ್ ಎತ್ತರದ ಈ ಊರಿಗೆ ಅದನ್ನು ಹಾಗೆಯೇ ತಂದು ಹಚ್ಚಲು ಬರುವುದಿಲ್ಲ. ಇಲ್ಲಿ ಇಬ್ಬನಿ ಹೆಪ್ಪುಗಟ್ಟುವುದು, ಅಂದರೆ ತಮಿಳರು ಉರೈಪನಿ ಎನ್ನುವುದು, ಕೆಲವು ವರ್ಷ ನವೆಂಬರಿನಲ್ಲೇ ಶುರುವಾಗುತ್ತದೆ, ಕೆಲವು ವರ್ಷ ಡಿಸೆಂಬರ್ ಕೊನೆಯವರೆಗೂ ಸುಳಿಯುವುದಿಲ್ಲ, ಫೆಬ್ರವರಿಯಲ್ಲೂ ಬಂದದ್ದುಂಟು.

ಮೊಬೈಲಿನ ಅಂಕಿಯ ತೊಂದರೆ ಬೇರೆ. ಮೋಡವಿಲ್ಲದ, ಗಾಳಿಯಾಡದ ರಾತ್ರಿಯಲ್ಲಿ ನೆಲ ತನ್ನ ಶಾಖವನ್ನು ಬರಿಯ ಆಕಾಶಕ್ಕೆ ಬಿಟ್ಟುಕೊಡುತ್ತದೆ. ಅದನ್ನು ಮುಟ್ಟಿ ತಣ್ಣಗಾದ ಗಾಳಿ ಭಾರವಾಗಿ, ನೀರಿನ ಹಾಗೆ ಇಳಿಜಾರಿನಲ್ಲಿ ಹರಿದು ಬಂದು ತಗ್ಗಿನಲ್ಲಿ ನಿಲ್ಲುತ್ತದೆ. ಆದ್ದರಿಂದಲೇ ದಿಣ್ಣೆಯ ಮೇಲಿನ ತೋಟ ಹಸಿರಾಗಿರುವಾಗ ಕೆಳಗಿನ ಕ್ಯಾರೆಟ್ ಹೊಲ ಬೆಳ್ಳಗಾಗಿರುತ್ತದೆ. ಹವಾಮಾನ ಕೇಂದ್ರದ ಥರ್ಮಾಮೀಟರು ನೆಲದಿಂದ ಸುಮಾರು ನಾಲ್ಕು ಅಡಿ ಮೇಲೆ ಇರುವುದರಿಂದ ಅದು 3 ಡಿಗ್ರಿ ತೋರಿಸುವಾಗ ಹುಲ್ಲಿನ ಮೇಲೆ ಸೊನ್ನೆಗಿಂತ ಕೆಳಗಿರಬಹುದು. ಹೀಗಿರುವಾಗ ಎಲ್ಲೋ ಅಳೆದ ಅಂಕಿ ಕಣಿವೆಯ ನಿಮ್ಮ ಮನೆಯ ಬಗ್ಗೆ ಏನು ಹೇಳೀತು?

ಇದಕ್ಕಿಂತ ಮುಖ್ಯವಾದ ಮಾತೊಂದಿದೆ, ಅದು ನನಗೆ ತಿಳಿಯಲು ಹತ್ತು ಚಳಿಗಾಲ ಹಿಡಿಯಿತು. ಕಲ್ಲುಮನೆ ಒಳಗೆ ಅತ್ಯಂತ ತಣ್ಣಗಾಗುವುದು ಹೊರಗೆ ಅತ್ಯಂತ ಚಳಿಯಿರುವ ದಿನವಲ್ಲ. ಇಬ್ಬನಿ ಹೆಪ್ಪುಗಟ್ಟುವ ರಾತ್ರಿಯ ಹಿಂದೆ ಮುಂದೆ ಒಳ್ಳೆಯ ಬಿಸಿಲಿರುತ್ತದೆ. ದಪ್ಪ ಗೋಡೆ ಹಗಲೆಲ್ಲ ಆ ಬಿಸಿಲನ್ನು ಕುಡಿದು ರಾತ್ರಿ ನಿಧಾನವಾಗಿ ಬಿಡುತ್ತದೆ. ಈಶಾನ್ಯ ಮಾರುತದ ಮೋಡ ನಾಲ್ಕೈದು ದಿನ ಮುಚ್ಚಿಕೊಂಡಾಗ ಹೊರಗಿನ ರಾತ್ರಿ ಅಷ್ಟೇನೂ ಚಳಿಯಿರುವುದಿಲ್ಲ, ಆದರೆ ಗೋಡೆಗೆ ಕುಡಿಯಲು ಬಿಸಿಲಿಲ್ಲದೆ ಅದು ದಿನದಿಂದ ದಿನಕ್ಕೆ ಬರಿದಾಗುತ್ತ ಹೋಗುತ್ತದೆ. ಆಗ ಕೋಣೆಯೊಳಗೆ ಕುಳಿತವರ ಮೈಯ ಶಾಖವನ್ನು ಗೋಡೆಯೇ ಎಳೆದುಕೊಳ್ಳುತ್ತದೆ.

ನೂರೈವತ್ತು ರೂಪಾಯಿಯೋ ಇನ್ನೂರೋ ಕೊಟ್ಟು ಗೋಡೆಗೆ ತೂಗುಹಾಕುವ ಥರ್ಮಾಮೀಟರೊಂದನ್ನು ತನ್ನಿ. ಅದನ್ನು ಹೊರಗೋಡೆಗೂ ಒಲೆಯ ಹತ್ತಿರಕ್ಕೂ ಹಾಕದೆ, ಒಳಗೋಡೆಯಲ್ಲಿ ಅತ್ತೆಯವರ ಮಂಚದ ಎತ್ತರಕ್ಕೆ ಹಾಕಿ, ಬೆಳಿಗ್ಗೆ ಆರಕ್ಕೆ, ಸಂಜೆ ಆರಕ್ಕೆ, ರಾತ್ರಿ ಹತ್ತಕ್ಕೆ ಒಂದು ವಾರ ಬರೆದಿಡಿ. ವಿಶ್ವ ಆರೋಗ್ಯ ಸಂಸ್ಥೆಯು 2018ರಲ್ಲಿ ಹೊರತಂದ ವಸತಿ ಮತ್ತು ಆರೋಗ್ಯದ ಮಾರ್ಗಸೂಚಿಯಲ್ಲಿ, ಚಳಿಗಾಲದಲ್ಲಿ ಮನೆಯೊಳಗೆ 18 ಡಿಗ್ರಿ ಇದ್ದರೆ ಸಾಮಾನ್ಯ ಜನರಿಗೆ ಸುರಕ್ಷಿತ ಎಂದಿದೆ. ವೃದ್ಧರಿಗೆ, ಮಕ್ಕಳಿಗೆ, ರೋಗಿಗಳಿಗೆ ಅದಕ್ಕಿಂತ ತುಸು ಹೆಚ್ಚೇ ಬೇಕಾಗಬಹುದು ಎಂದೂ ಸೇರಿಸಿದೆ. ಸಂಜೆ ಆರರ ಅಂಕಿ ಅದಕ್ಕಿಂತ ಕೆಳಗಿದ್ದರೆ ಅಂದು ಹಚ್ಚಿ, ಮೇಲಿದ್ದರೆ ಬೇಡ. ತಾರೀಖು ಯಾವುದಾದರೇನು.

ಅಗ್ಗಿಷ್ಟಿಕೆಯ ಆಸೆ ಬಿಡಿ. ತೆರೆದ ಅಗ್ಗಿಷ್ಟಿಕೆಯ ಶಾಖದಲ್ಲಿ ಹೆಚ್ಚಿನ ಪಾಲು ಚಿಮಣಿಯಿಂದ ಹೊರಗೆ ಹೋಗುತ್ತದೆ, ಹೋಗುವಾಗ ಕೋಣೆಯ ಗಾಳಿಯನ್ನೂ ಎಳೆದೊಯ್ಯುತ್ತದೆ. ಬಳಸದಿದ್ದರೂ ಬಾಯಿ ತೆರೆದಿದ್ದರೆ ಅದು ಮನೆಗೊಂದು ತೂತು. ಹಲಗೆ ಇಟ್ಟು ಮುಚ್ಚಿಸಿ.

ರೈತ, ಅಕ್ಕಲಕೋಟೆ
ನವೆಂಬರ್ 10

ಹಿರಿಯರ ಮಾತಿಗೆ ಗೌರವವಿಟ್ಟೇ ಒಂದು ಭಿನ್ನಾಭಿಪ್ರಾಯ ಬರೆಯುತ್ತಿದ್ದೇನೆ. ನಮ್ಮ ಕಡೆ ಧನುರ್ಮಾಸದಲ್ಲಿ ಬೆಳಗಿನ ಜಾವ 12–13 ಡಿಗ್ರಿಗೆ ಇಳಿಯುತ್ತದೆ, ಮಧ್ಯಾಹ್ನ 30ರ ಹತ್ತಿರ ಏರುತ್ತದೆ. ಯಾರ ಮನೆಯಲ್ಲೂ ಹೀಟರ್ ಇಲ್ಲ. ಎರಡು ಕೌದಿ, ಅದರ ಮೇಲೆ ಸೊಲ್ಲಾಪುರದ ಒಂದು ಚಾದರ, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಮುಂಜಾನೆ ಅಂಗಳದ ಬಿಸಿಲು, ಇವಿಷ್ಟರಲ್ಲಿ ನಮ್ಮ ಅಜ್ಜಂದಿರು ತೊಂಬತ್ತು ದಾಟಿದ್ದಾರೆ. ಮನೆಯನ್ನು ಕಾಯಿಸುವುದಕ್ಕಿಂತ ಮೈಯನ್ನು ಕಾಯಿಸುವುದು ಅಗ್ಗ. ಒಮ್ಮೆ ಹೀಟರಿಗೆ ಒಗ್ಗಿದ ಮೈ ಆಮೇಲೆ ಹಜಾರಕ್ಕೆ ಬರಲೂ ಅಂಜುತ್ತದೆ ಎಂಬ ಮಾಲೀಕರ ಮಾತು ಪೂರ್ತಿ ತಪ್ಪಲ್ಲ.

ದಾದಿ, ಗೂಡಲೂರು
ನವೆಂಬರ್ 10

ಅಣ್ಣಾ, ನಿಮ್ಮ ಊರಿನ ಮಧ್ಯಾಹ್ನದ 30 ಡಿಗ್ರಿಯೇ ನಿಮ್ಮ ಹೀಟರ್. ಗೋಡೆ ದಿನವೂ ಕಾಯುತ್ತದೆ, ರಾತ್ರಿ ಅದು ಆರುವಷ್ಟರಲ್ಲಿ ಮತ್ತೆ ಸೂರ್ಯ ಬರುತ್ತಾನೆ. ಕೇತಿಯಲ್ಲಿ ಜನವರಿಯ ಮಧ್ಯಾಹ್ನವೂ 20ರ ಆಸುಪಾಸಿನಲ್ಲೇ ಇರುತ್ತದೆ.

ಗಟ್ಟಿಮುಟ್ಟಾದ ವಯಸ್ಕರು ಚಳಿಗೆ ಹೊಂದಿಕೊಳ್ಳುತ್ತಾರೆಂಬುದು ನಿಜ. ಆದರೆ ವಯಸ್ಸಾದಂತೆ ಚಳಿಯ ಅರಿವೇ ಮಂದವಾಗುತ್ತದೆ. ನಡುಗಿ ಶಾಖ ಹುಟ್ಟಿಸುವ ಶಕ್ತಿಯೂ ಕುಗ್ಗುತ್ತದೆ. ಆದ್ದರಿಂದ ನನಗೆ ಚಳಿಯಿಲ್ಲ ಎಂದು ಹಿರಿಯರು ಹೇಳಿದರೆ ಅದನ್ನು ಅಳತೆಯೆಂದು ತಿಳಿಯಬಾರದು. ತಣ್ಣನೆಯ ಕೋಣೆಯಲ್ಲಿ ಚರ್ಮದ ರಕ್ತನಾಳಗಳು ಸಂಕುಚಿಸಿ ರಕ್ತದೊತ್ತಡ ಏರುತ್ತದೆ, ಮಾತ್ರೆ ತೆಗೆದುಕೊಳ್ಳುವವರಲ್ಲೂ ಏರುತ್ತದೆ. ಬೆಚ್ಚನೆಯ ಕಂಬಳಿಯಿಂದ ಎದ್ದು ನಡುರಾತ್ರಿ ತಣ್ಣನೆಯ ಬಚ್ಚಲಿಗೆ ನಡೆಯುವ ಆ ಐದು ನಿಮಿಷವನ್ನು ನಾನು ಹೆಚ್ಚು ಹೆದರುತ್ತೇನೆ. ಕಂಬಳಿ ಮಂಚದಲ್ಲಿರುವಷ್ಟು ಹೊತ್ತು ಕಾಯುತ್ತದೆ, ಎದ್ದ ಮೇಲೆ ಕಾಯುವುದಿಲ್ಲ. ದೇಹದ ಒಳಗಿನ ತಾಪ 35 ಡಿಗ್ರಿಗಿಂತ ಕೆಳಗಿಳಿದರೆ ಅದು ತುರ್ತು ಚಿಕಿತ್ಸೆಯ ಸ್ಥಿತಿ. ತೊದಲುವ ಮಾತು, ಮಂಕು, ತೂಕಡಿಕೆ ಕಂಡರೆ ನಿದ್ದೆಯೆಂದು ಸುಮ್ಮನಾಗಬೇಡಿ.

ಮಗುವಿನ ವಿಷಯದಲ್ಲಿ ತಪ್ಪು ಸಾಮಾನ್ಯವಾಗಿ ಇನ್ನೊಂದು ಬದಿಗೆ ಆಗುತ್ತದೆ. ಟೋಪಿ, ಎರಡು ಸ್ವೆಟರ್, ಮೇಲೆ ರಜಾಯಿ, ಪಕ್ಕದಲ್ಲಿ ಹೀಟರ್ ಎಂದು ಸುತ್ತಿಬಿಡುತ್ತೇವೆ. ಅತಿ ಶಾಖವೂ ಮಲಗಿದ ಹಸುಗೂಸಿಗೆ ಅಪಾಯ. ಬ್ರಿಟನ್ನಿನಲ್ಲಿ ಮಗು ಮಲಗುವ ಕೋಣೆಗೆ 16ರಿಂದ 20 ಡಿಗ್ರಿ ಸಾಕೆಂದು ಹೇಳುತ್ತಾರೆ. ಕೈಕಾಲು ತಣ್ಣಗಿರುವುದು ಸಹಜ. ಕತ್ತಿನ ಹಿಂಭಾಗ ಅಥವಾ ಎದೆ ಮುಟ್ಟಿ ನೋಡಿ, ಬೆವರಿದ್ದರೆ ಒಂದು ಪದರ ತೆಗೆಯಿರಿ.

ಚಹಾ ಬೆಳೆಗಾರ, ಕೋತಗಿರಿ
ನವೆಂಬರ್ 11

ಇಷ್ಟೆಲ್ಲ ಲೆಕ್ಕ ಏಕೆ? ನಮ್ಮಲ್ಲಿ ಕತ್ತಲಾದ ಮೇಲೆ ಕಬ್ಬಿಣದ ಬಾಂಡ್ಲಿಯಲ್ಲಿ ಇದ್ದಿಲ ಕೆಂಡ ಹಾಕಿ, ಹೊಗೆ ಪೂರ್ತಿ ನಿಂತ ಮೇಲೆ ಮಲಗುವ ಕೋಣೆಯೊಳಗೆ ಇಡುತ್ತಿದ್ದರು. ಬೆಳಗಿನವರೆಗೆ ಬೆಚ್ಚಗಿರುತ್ತದೆ, ಕರೆಂಟು ಹೋದರೂ ಚಿಂತೆಯಿಲ್ಲ.

ನಿವೃತ್ತ ಮೇಷ್ಟ್ರು, ಉದಕಮಂಡಲ
ನವೆಂಬರ್ 11

ದಯವಿಟ್ಟು ಯಾರೂ ಇದನ್ನು ಮಾಡಬೇಡಿ. ಹೊಗೆ ನಿಂತ ಮೇಲೆ ಎಂಬ ಮಾತಿನಲ್ಲೇ ಮೋಸವಿದೆ. ಹೊಗೆ ಕಣ್ಣಿಗೆ ಕಾಣುತ್ತದೆ, ಕೆಮ್ಮು ತರಿಸುತ್ತದೆ, ಹಾಗಾಗಿ ನಮ್ಮನ್ನು ಎಬ್ಬಿಸಿ ಹೊರಗೆ ಓಡಿಸುತ್ತದೆ. ಕೆಂಡದಿಂದ ಬರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಅದು ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ ಇನ್ನೂರಕ್ಕೂ ಹೆಚ್ಚು ಪಟ್ಟು ಬಲವಾಗಿ ಅಂಟಿಕೊಳ್ಳುತ್ತದೆ. ಮೊದಲು ತಲೆನೋವು, ಹೊಟ್ಟೆ ತೊಳಸುವುದು, ಆಮೇಲೆ ತೂಕಡಿಕೆ. ಮಲಗಿದವನಿಗೆ ಈ ಸೂಚನೆಗಳು ತಿಳಿಯುವ ಮೊದಲೇ ಕೈಕಾಲು ಆಡುವುದಿಲ್ಲ. ಹಿಂದಿನವರ ಮನೆಯಲ್ಲಿ ಹೆಂಚಿನ ಸಂದಿನಿಂದ ಗಾಳಿಯಾಡುತ್ತಿತ್ತು. ಈಗ ಗಾಜಿನ ಕಿಟಕಿ, ರಬ್ಬರು ಪಟ್ಟಿ, ಕಾಂಕ್ರೀಟು ತಾರಸಿ. ಮೇಲಾಗಿ ಈ ಎತ್ತರದಲ್ಲಿ ಗಾಳಿಯ ಒತ್ತಡವೇ ಸಮುದ್ರಮಟ್ಟದ ಮುಕ್ಕಾಲಿಗಿಂತ ಸ್ವಲ್ಪ ಹೆಚ್ಚು, ಅಷ್ಟೇ, ಅಂದರೆ ಉಸಿರಿಗೆ ಸಿಗುವ ಆಮ್ಲಜನಕವೇ ಕಡಿಮೆ.

ಅಂಗಡಿ ಮಾಲೀಕ, ಡೆಂಕಣಿಕೋಟೆ
ನವೆಂಬರ್ 11

ಮೇಷ್ಟ್ರ ಮಾತಿಗೆ ನಾನೇ ಸಾಕ್ಷಿ. ಕೆಲವು ವರ್ಷಗಳ ಹಿಂದೆ ಬೆಟ್ಟದ ಮೇಲಿನ ಒಂದು ವಸತಿಗೃಹದಲ್ಲಿ ಉಳಿದಿದ್ದಾಗ, ಮಕ್ಕಳಿಗೆ ಚಳಿಯೆಂದು ಕೇಳಿದ್ದಕ್ಕೆ ಕೆಲಸದವರು ಕೆಂಡದ ತಟ್ಟೆಯನ್ನು ಕೋಣೆಗೇ ತಂದಿಟ್ಟರು. ಕಿಟಕಿ ಬೆರಳಗಲ ತೆರೆದಿತ್ತು, ಅದು ಸಾಕೆಂದುಕೊಂಡೆವು. ರಾತ್ರಿ ಹನ್ನೊಂದರ ಹೊತ್ತಿಗೆ ದೊಡ್ಡ ಮಗಳು ವಾಂತಿ ಮಾಡಿದಳು. ಊಟದ ದೋಷವಿರಬಹುದೆಂದು ಎದ್ದ ನನ್ನ ಹೆಂಡತಿ ಅಲ್ಲಿಯೇ ಕುಸಿದು ಕುಳಿತಳು. ಬಾಗಿಲು ತೆರೆದು ಎಲ್ಲರನ್ನೂ ಅಂಗಳಕ್ಕೆ ಎಳೆದು ತಂದೆ. ಆ ರಾತ್ರಿ ಮಗಳು ವಾಂತಿ ಮಾಡದೆ ಮಲಗಿಬಿಟ್ಟಿದ್ದರೆ ಈ ಸಾಲುಗಳನ್ನು ಬರೆಯಲು ನಾನಿರುತ್ತಿರಲಿಲ್ಲ.

ಚಹಾ ಬೆಳೆಗಾರ, ಕೋತಗಿರಿ
ನವೆಂಬರ್ 11

ಒಪ್ಪಿಕೊಂಡೆ. ಬಾಂಡ್ಲಿ ಇನ್ನು ಅಂಗಳದಲ್ಲೇ ಇರುತ್ತದೆ.

ವಿದ್ಯುತ್ ಕೆಲಸಗಾರ, ಹೊಸೂರು
ನವೆಂಬರ್ 12

ಹೀಟರ್ ಯಾವ ಬಗೆಯದೆಂದು ಅಕ್ಕನವರು ಬರೆದಿಲ್ಲ, ಆದರೆ ಯಾವಾಗ ಹಚ್ಚಬೇಕೆಂಬುದು ಅದರ ಮೇಲೂ ನಿಂತಿದೆ. ಫ್ಯಾನಿನ ಹೀಟರ್ ಗಾಳಿಯನ್ನು ಹತ್ತು ನಿಮಿಷದಲ್ಲಿ ಕಾಯಿಸುತ್ತದೆ, ಆರಿಸಿದ ಹತ್ತು ನಿಮಿಷದಲ್ಲಿ ಅದು ಮಾಯ. ಹ್ಯಾಲೊಜೆನ್ ಹೀಟರ್ ಎದುರಿಗೆ ಕುಳಿತವರ ಮೈಯನ್ನು ಕಾಯಿಸುತ್ತದೆ, ಕೋಣೆಯನ್ನಲ್ಲ. ಹತ್ತಿರದ ಪರದೆಗೂ ಹಾಸಿಗೆಗೂ ಅದು ಅಪಾಯ. ಎಣ್ಣೆ ತುಂಬಿದ ರೇಡಿಯೇಟರ್ ಬಿಸಿಯಾಗಲು ಅರ್ಧ ಗಂಟೆಗೂ ಹೆಚ್ಚು ತೆಗೆದುಕೊಂಡರೂ ಆರಿಸಿದ ಮೇಲೂ ಒಂದಿಷ್ಟು ಹೊತ್ತು ಶಾಖ ಬಿಡುತ್ತದೆ, ನಿಗದಿತ ತಾಪ ತಲುಪಿದಾಗ ತಾನೇ ನಿಲ್ಲುತ್ತದೆ. ವೃದ್ಧರೂ ಮಗುವೂ ಇರುವ ಮನೆಗೆ ನಾನು ಅದನ್ನೇ ಹೇಳುತ್ತೇನೆ, ಅದನ್ನು ಮಲಗುವುದಕ್ಕೆ ಒಂದು ಗಂಟೆ ಮುಂಚೆಯಲ್ಲ, ಸಂಜೆಯೇ ಹಚ್ಚಬೇಕು.

2000 ವ್ಯಾಟಿನ ಹೀಟರ್ 230 ವೋಲ್ಟಿನಲ್ಲಿ ಸುಮಾರು 8.7 ಆಂಪಿಯರ್ ಎಳೆಯುತ್ತದೆ. ದೀಪಕ್ಕೂ ಮೊಬೈಲ್ ಚಾರ್ಜರಿಗೂ ಇರುವ ಸಣ್ಣ 6 ಆಂಪಿಯರ್ ಪ್ಲಗ್ಗಿಗೆ ಅದನ್ನು ಚುಚ್ಚಿದರೆ ಪ್ಲಗ್ಗು ಕರಗುತ್ತದೆ. ಎಕ್ಸ್‌ಟೆನ್ಷನ್ ಬಾಕ್ಸ್ ಇಟ್ಟು ಎಳೆಯುವುದೂ ಬೇಡ. 16 ಆಂಪಿಯರಿನ ದೊಡ್ಡ ಪ್ಲಗ್, ಅದಕ್ಕೆ ತಕ್ಕ ದಪ್ಪದ ತಂತಿ, ಬೇರೆಯದೇ ಎಂಸಿಬಿ (ಕರೆಂಟು ಮಿತಿಮೀರಿದರೆ ತಾನೇ ಕಡಿಯುವ ಸ್ವಿಚ್ಚು) ಇರಬೇಕು. ಹಳೆಯ ಮನೆಯೆಂದಿರಿ, ಅರ್ಥಿಂಗ್ ಇದೆಯೇ ಎಂದು ಮೊದಲು ನೋಡಿಸಿ. ಇದರ ಖರ್ಚಿನ ಬಗ್ಗೆ ಮಾಲೀಕರೊಂದಿಗೆ ಈಗಲೇ ಮಾತಾಡುವುದು ಒಳ್ಳೆಯದು.

ಬಿಲ್ಲಿನ ಲೆಕ್ಕ ಹೀಗಿದೆ. 2000 ವ್ಯಾಟ್ ಒಂದು ಗಂಟೆ ನಡೆದರೆ 2 ಯುನಿಟ್. ದಿನಕ್ಕೆ ಮೂರು ಗಂಟೆ ಬಿಡದೆ ನಡೆದರೆ 6 ಯುನಿಟ್, 60 ದಿನಕ್ಕೆ 360. ತಮಿಳುನಾಡಿನಲ್ಲಿ ಮನೆಗಳಿಗೆ ಎರಡು ತಿಂಗಳಿಗೊಮ್ಮೆ ಬಿಲ್ಲು, ಅದರಲ್ಲಿ ಮೊದಲ ಕೆಲವು ಯುನಿಟ್ ಉಚಿತ, ಒಟ್ಟು 500 ದಾಟಿದರೆ ದರದ ಹಂತಗಳೇ ಬದಲಾಗಿ ಬಿಲ್ಲು ಜಿಗಿಯುತ್ತದೆ. ಈಗಾಗಲೇ ನೂರೈವತ್ತು ಯುನಿಟ್ ಬಳಸುವ ಮನೆ ಈ 360 ಸೇರಿದರೆ ಗೆರೆ ದಾಟಿತು. ಹಾಗಾಗಿ ಇಡೀ ಮನೆಯನ್ನಲ್ಲ, ಒಂದೇ ಕೋಣೆಯನ್ನು ಬಾಗಿಲು ಮುಚ್ಚಿ ಕಾಯಿಸಿ. ಅತ್ತೆಯವರೂ ತಾಯಿಮಗುವೂ ಚಳಿಗಾಲದ ಮೂರು ತಿಂಗಳು ಒಂದೇ ಕೋಣೆಯಲ್ಲಿ ಮಲಗಿದರೆ ತಪ್ಪೇನು?

ಅಡಿಕೆ ಕೃಷಿಕ, ಕಾಸರಗೋಡು
ನವೆಂಬರ್ 13

ಕಾಸರಗೋಡಿನವನಿಗೆ ಹೀಟರಿನ ಚರ್ಚೆಯಲ್ಲಿ ಏನು ಕೆಲಸವೆಂದು ನಗಬೇಡಿ. ನಮ್ಮಲ್ಲಿ ಹೀಟರ್ ಎಂದರೆ ಬಚ್ಚಲೊಲೆ. ಆದರೆ ಜೂನ್‌ನಿಂದ ಆಗಸ್ಟ್‌ವರೆಗೆ ಆ ಒಲೆಯ ಮೇಲಿನ ಕೋಲಿನಲ್ಲಿ ಬಟ್ಟೆ ಒಣಗಿಸಿ ಬದುಕುವ ನಮಗೆ ತೇವದ ವಿಷಯ ಚೆನ್ನಾಗಿ ಗೊತ್ತು, ಮತ್ತು ಇಲ್ಲಿಯವರೆಗೆ ಯಾರೂ ಅದನ್ನು ಎತ್ತಿಲ್ಲ.

10 ಡಿಗ್ರಿಯ ಗಾಳಿ ಒಂದು ಘನ ಮೀಟರಿಗೆ ಸುಮಾರು 9 ಗ್ರಾಂ ನೀರಾವಿಯನ್ನಷ್ಟೇ ಹಿಡಿಯಬಲ್ಲದು, 18 ಡಿಗ್ರಿಯದು 15 ಗ್ರಾಮಿನಷ್ಟು. ಮಂಜು ತುಂಬಿದ ತಣ್ಣನೆಯ ಗಾಳಿಯನ್ನೇ ಕಾಯಿಸಿದರೆ ಅದು ಒಣಗಾಳಿಯಂತೆ ವರ್ತಿಸಿ ಹಾಸಿಗೆಯ ತೇವವನ್ನು ಹೀರುತ್ತದೆ. ಆದ್ದರಿಂದ ತಾಪ 18ರ ಮೇಲಿದ್ದರೂ ಕಿಟಕಿಯ ಗಾಜಿನ ಒಳಬದಿಯಲ್ಲಿ ಬೆಳಿಗ್ಗೆ ನೀರು ಇಳಿಯುತ್ತಿದ್ದರೆ, ಬೀರುವಿನ ಹಿಂದೆ ಬೂಷ್ಟು ಕಂಡರೆ, ಅಂದು ಸ್ವಲ್ಪ ಹೊತ್ತು ಹಚ್ಚಬೇಕು. ಗ್ಯಾಸಿನ ಹೀಟರ್ ಇದಕ್ಕೆ ಆಗದು: ಒಂದು ಕಿಲೋ ಅಡುಗೆ ಅನಿಲ ಉರಿದರೆ ಒಂದೂವರೆ ಕಿಲೋಗೂ ಹೆಚ್ಚು ನೀರಾವಿ ಕೋಣೆಗೇ ಸೇರುತ್ತದೆ. ಮಗುವಿನ ಬಟ್ಟೆಗಳನ್ನು ಮಲಗುವ ಕೋಣೆಯಲ್ಲಿ ಒಣಹಾಕುತ್ತಿದ್ದೀರಾದರೆ ಅದನ್ನೂ ನಿಲ್ಲಿಸಿ.

ನಿವೃತ್ತ ಗುಮಾಸ್ತ, ಆದವಾನಿ
ನವೆಂಬರ್ 14

ಮಗಳು ನ್ಯೂಯಾರ್ಕ್ ನಗರದಲ್ಲಿದ್ದಾಳೆ. ಅಲ್ಲಿ ಅಕ್ಟೋಬರ್ 1ರಿಂದ ಮೇ 31ರವರೆಗೆ ಬಾಡಿಗೆ ಮನೆಯನ್ನು ಬೆಚ್ಚಗಿಡುವುದು ಮಾಲೀಕನ ಕಾನೂನುಬದ್ಧ ಹೊಣೆ. ಹಗಲು ಹೊರಗೆ 55 ಫ್ಯಾರನ್‌ಹೀಟ್, ಅಂದರೆ ಸುಮಾರು 13 ಸೆಲ್ಸಿಯಸ್‌ಗಿಂತ ಕೆಳಗಿದ್ದರೆ ಒಳಗೆ ಕನಿಷ್ಠ 68, ಅಂದರೆ 20 ಇರಬೇಕು. ರಾತ್ರಿ ಹೊರಗೆ ಎಷ್ಟಿದ್ದರೂ ಒಳಗೆ 62, ಅಂದರೆ ಸುಮಾರು 17 ಇರಲೇಬೇಕು. ಅಲ್ಲಿಯ ಕಾನೂನು ಕೂಡ ಕೊನೆಗೆ ಅಳೆಯುವುದು ಒಳಗಿನ ತಾಪವನ್ನೇ ಎಂಬುದಕ್ಕಾಗಿ ಇಷ್ಟು ಬರೆದೆ. ಇಲ್ಲಿಯ ಮಾಲೀಕರಿಗೆ ಇದನ್ನು ಓದಿ ಹೇಳಿದರೆ ಅವರು ಏನೆಂದಾರೋ.

ಶಿಕ್ಷಕಿ, ಕೇತಿ ಕಣಿವೆ
ನವೆಂಬರ್ 15

ಎಲ್ಲರಿಗೂ ಕೃತಜ್ಞತೆಗಳು. ನಮ್ಮದು ಎಣ್ಣೆಯ ರೇಡಿಯೇಟರ್. ದೊಡ್ಡ ಪ್ಲಗ್ಗನ್ನು ಶನಿವಾರ ಹಾಕಿಸುತ್ತಿದ್ದೇವೆ. ಇನ್ನೊಂದು ಸಂದೇಹ ಉಳಿದಿದೆ. ಕಡಿಮೆ ತಾಪದಲ್ಲಿ ದಿನವಿಡೀ ಇಟ್ಟರೆ ಮತ್ತೆ ಮತ್ತೆ ಕಾಯಿಸುವುದಕ್ಕಿಂತ ಅಗ್ಗವಾಗುತ್ತದೆಂದು ನೆರೆಯವರು ಹೇಳಿದರು. ಅದು ನಿಜವೇ?

ನಿವೃತ್ತ ಮೇಷ್ಟ್ರು, ಉದಕಮಂಡಲ
ನವೆಂಬರ್ 15

ನಿಜವಲ್ಲ. ಮನೆಯಿಂದ ಶಾಖ ಸೋರುವ ವೇಗವು ಒಳಗಿನ ಹೊರಗಿನ ತಾಪಗಳ ಅಂತರವನ್ನು ಅವಲಂಬಿಸಿದೆ. ಯಾರೂ ಇಲ್ಲದ ಹೊತ್ತಿನಲ್ಲೂ ಕೋಣೆಯನ್ನು ಬೆಚ್ಚಗಿಟ್ಟರೆ ಅಷ್ಟು ಹೊತ್ತೂ ಸೋರುವುದಕ್ಕೆ ದುಡ್ಡು ತೆತ್ತಂತೆ. ಬೇಕಾದಾಗ ಹಚ್ಚಿ, ಬೇಡವಾದಾಗ ಆರಿಸುವುದೇ ಅಗ್ಗ. ಆದರೆ ಕಲ್ಲುಮನೆಗೆ ತಡವಾಗಿ ಹಚ್ಚುವುದೂ ನಷ್ಟವೇ, ಏಕೆಂದರೆ ಗೋಡೆ ಪೂರ್ತಿ ಆರಿದ ಮೇಲೆ ಗಾಳಿ 18 ಮುಟ್ಟಿದರೂ ಮೈಗೆ ಹಿತವೆನಿಸದೆ ನೀವು ಅದನ್ನು 22ಕ್ಕೆ ಏರಿಸುತ್ತೀರಿ. ಐದೂವರೆಯಿಂದ ಆರರೊಳಗೆ ಹಚ್ಚಿ, ಎಲ್ಲರೂ ಮಲಗಿದ ಮೇಲೆ ಆರಿಸಿ, ಅತ್ತೆಯವರ ಹಾಸಿಗೆಗೆ ಬಿಸಿನೀರಿನ ಚೀಲ ಕೊಡಿ, ಮಗುವಿಗೆ ಬೇಡ. ಅತಿ ಚಳಿಯಿರುವುದು ಸೂರ್ಯ ಹುಟ್ಟುವ ಹೊತ್ತಿಗಾದ್ದರಿಂದ, ಅವರು ಏಳುವುದಕ್ಕೆ ಮುಕ್ಕಾಲು ಗಂಟೆ ಮೊದಲು ಇನ್ನೊಮ್ಮೆ ಹಚ್ಚಿದರೆ ಆ ಬಚ್ಚಲಿನ ಭಯವೂ ಕಡಿಮೆಯಾದೀತು.

ಬಿಟ್ಟಿ ಶಾಖವನ್ನು ಮರೆಯಬೇಡಿ. ಡಿಸೆಂಬರಿನಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. ಹತ್ತರಿಂದ ಮೂರರವರೆಗೆ ದಕ್ಷಿಣದ ಕಿಟಕಿಯ ಪರದೆ ತೆಗೆದಿಟ್ಟು, ನಾಲ್ಕಕ್ಕೆ ದಪ್ಪ ಪರದೆ ಎಳೆಯಿರಿ, ಬಾಗಿಲಿನ ಕೆಳಸಂದಿಗೆ ಹಳೆಯ ಸೀರೆ ಸುತ್ತಿಡಿ.

ಶಿಕ್ಷಕಿ, ಕೇತಿ ಕಣಿವೆ
ನವೆಂಬರ್ 30

ಎರಡು ವಾರದ ಲೆಕ್ಕ ಒಪ್ಪಿಸುತ್ತಿದ್ದೇನೆ. 17ರಿಂದ ನಾಲ್ಕು ದಿನ ಮೋಡ ಕವಿದಿತ್ತು. 20ರ ಸಂಜೆ ಮೊಬೈಲು ಹೊರಗೆ 13 ಎಂದು ತೋರಿಸುತ್ತಿತ್ತು, ಆದ್ದರಿಂದ ನಮ್ಮವರ ನಿಯಮದಂತೆ ಹೀಟರಿನ ಪ್ರಶ್ನೆಯೇ ಇರಲಿಲ್ಲ. ಅತ್ತೆಯವರ ಕೋಣೆಯಲ್ಲಿ ಥರ್ಮಾಮೀಟರು 15 ತೋರಿಸುತ್ತಿತ್ತು. ಅಂದೇ ಮೊದಲು ಹಚ್ಚಿದೆವು. 27ರಂದು ಇಡೀ ದಿನ ಬಿಸಿಲು, ರಾತ್ರಿ ಹೊರಗೆ 8ಕ್ಕೆ ಇಳಿಯಿತು, ಆದರೆ ಸಂಜೆ ಆರಕ್ಕೆ ಕೋಣೆಯಲ್ಲಿ ಹದಿನೆಂಟೂವರೆ ಇತ್ತು, ಹಚ್ಚಲಿಲ್ಲ. ಮೇಷ್ಟ್ರು ಹೇಳಿದ ಗೋಡೆಯ ಲೆಕ್ಕ ಕಣ್ಣಾರೆ ಕಂಡ ಮೇಲೆ ನಮ್ಮವರು ಊಟಿಯ ತಾಪಮಾನ ನೋಡುವುದನ್ನು ಬಿಟ್ಟು, ಕಚೇರಿಯಿಂದ ಬಂದ ಕೂಡಲೇ ಚಪ್ಪಲಿ ಬಿಡುವ ಮೊದಲು ಆ ಕೋಣೆಗೆ ಹೋಗುತ್ತಿದ್ದಾರೆ. ಈವರೆಗೆ ಹಚ್ಚಿದ್ದು ಆರು ಸಂಜೆ, ಮೀಟರಿನಲ್ಲಿ ಏರಿದ್ದು 31 ಯುನಿಟ್.

ಮಾಲೀಕರು ಬಾಡಿಗೆಗೆಂದು ಬಂದವರು ದೊಡ್ಡ ಪ್ಲಗ್ಗನ್ನು ನೋಡಿ ಏನೂ ಹೇಳಲಿಲ್ಲ, ಅದರ ಅರ್ಧ ಖರ್ಚನ್ನು ಬಾಡಿಗೆಯಲ್ಲಿ ಕಳೆದು ಉಳಿದದ್ದನ್ನು ಕೊಡಿ ಎಂದರು. ಕಂಬಳಿ ಸಾಕೆನ್ನುತ್ತಿದ್ದ ಅತ್ತೆಯವರು ನಿನ್ನೆ ರಾತ್ರಿ ಎಂಟಕ್ಕೆ, ಸೆಖೆಯಾಗುತ್ತಿದೆ, ಕಿಟಕಿ ಸ್ವಲ್ಪ ತೆಗೆಯಮ್ಮ ಎಂದರು. ನೋಡಿದರೆ 21. ಹೀಟರಿನ ಗುಂಡಿಯನ್ನು ಒಂದು ಗೆರೆ ಕೆಳಗೆ ತಿರುಗಿಸಿದೆ.